ಹಿಂದೆ ಅವಧಿಪೂರ್ವ ಹೆರಿಗೆಯಾಗಿರುವ ಗರ್ಭಿಣಿಯರಿಗೆ ಆರೋಗ್ಯ ಸೇವೆಗಳು: ಕಲಬುರಗಿ ನಗರ ಮತ್ತು ಕಮಲಾಪುರ ತಾಲ್ಲೂಕು

ಪೀಠಿಕೆ

ಹಿಂದಿನ ಹೆರಿಗೆಯು ದಿನ ತುಂಬುವ ಮುನ್ನವೇ ಆಗಿದ್ದು, ಈಗ ಪುನಃ ಗರ್ಭಿಣಿಯಾಗಿರುವ ಅಥವಾ ಗರ್ಭ ಧರಿಸಲು ಇಚ್ಛಿಸುವ ಮಹಿಳೆಯರು ಹಾಗೂ ಅವರ ಕುಟುಂಬದವರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಯಾವ ಸೇವೆಯನ್ನು ಯಾವ ಹಂತದ ಆಸ್ಪತ್ರೆಯಲ್ಲಿ, ಗರ್ಭಾವಸ್ಥೆಯ ಎಷ್ಟನೇ ವಾರದಲ್ಲಿ ಪಡೆಯಬೇಕು, ಅದಕ್ಕೆ ಯಾವ ದಾಖಲೆಗಳು ಬೇಕು ಎಂಬ ವಿವರಗಳು ಇದರಲ್ಲಿವೆ. ಚಿಕಿತ್ಸೆಯ ಅಂತಿಮ ತೀರ್ಮಾನವು ವೈದ್ಯರದ್ದೇ ಆಗಿರುತ್ತದೆ.

ಅವಧಿಪೂರ್ವ ಹೆರಿಗೆಯನ್ನು ತಡೆಯಲು ಅಥವಾ ಮಗುವನ್ನು ಉಳಿಸಲು ನೆರವಾಗುವ ಪ್ರತಿಯೊಂದು ಕ್ರಮಕ್ಕೂ ನಿರ್ದಿಷ್ಟ ವಾರಗಳಿವೆ. ಆ ವಾರಗಳು ಕಳೆದ ಮೇಲೆ ಎಷ್ಟೇ ದೊಡ್ಡ ಆಸ್ಪತ್ರೆಗೆ ಹೋದರೂ ಆ ಕ್ರಮವನ್ನು ಕೈಗೊಳ್ಳಲು ಬರುವುದಿಲ್ಲ. ಆದುದರಿಂದ ಹಿಂದಿನ ಹೆರಿಗೆಯ ವಿಷಯವನ್ನು ಮೊದಲ ಭೇಟಿಯಲ್ಲಿಯೇ ತಿಳಿಸಿ, ತಾಯಿ ಕಾರ್ಡಿನಲ್ಲಿ ಬರೆಸುವುದು ಅತ್ಯಂತ ಮುಖ್ಯವಾದುದು.

ಅವಧಿಪೂರ್ವ ಹೆರಿಗೆ ಎಂದರೇನು

ಗರ್ಭಾವಸ್ಥೆಯ 37 ವಾರಗಳು ಪೂರ್ಣಗೊಳ್ಳುವ ಮುನ್ನ ಆಗುವ ಹೆರಿಗೆಯನ್ನು ಅವಧಿಪೂರ್ವ ಹೆರಿಗೆ ಎನ್ನಲಾಗುತ್ತದೆ. ಇದರಲ್ಲಿ ಮೂರು ವರ್ಗಗಳಿವೆ:

1. 28 ವಾರಗಳಿಗಿಂತ ಮುಂಚಿನದು
2. 28ರಿಂದ 32 ವಾರಗಳೊಳಗಿನದು
3. 32ರಿಂದ 37 ವಾರಗಳೊಳಗಿನದು

2020ರಲ್ಲಿ ಪ್ರಪಂಚದಲ್ಲಿ ಸುಮಾರು 1.34 ಕೋಟಿ ಶಿಶುಗಳು ಅವಧಿಗೆ ಮುನ್ನ ಜನಿಸಿದವೆಂದು ಅಂದಾಜಿಸಲಾಗಿದೆ. ಅಂದರೆ ಸರಿಸುಮಾರು ಹತ್ತರಲ್ಲಿ ಒಂದು ಶಿಶು. ಇವುಗಳಲ್ಲಿ ಸುಮಾರು 30 ಲಕ್ಷ ಶಿಶುಗಳು ಭಾರತದಲ್ಲಿ ಜನಿಸಿದ್ದು, ಇದು ಯಾವುದೇ ದೇಶದಲ್ಲಿನ ಅತಿ ಹೆಚ್ಚಿನ ಸಂಖ್ಯೆಯಾಗಿದೆ.

ಒಮ್ಮೆ ಅವಧಿಪೂರ್ವ ಹೆರಿಗೆಯಾದವರಲ್ಲಿ ಅದು ಮರುಕಳಿಸುವ ಸಂಭವವು ಇತರರಿಗಿಂತ ಸುಮಾರು ಒಂದೂವರೆಯಿಂದ ಎರಡು ಪಟ್ಟು ಹೆಚ್ಚಿರುತ್ತದೆ. ಹಿಂದಿನ ಹೆರಿಗೆಯು ಎಷ್ಟು ಬೇಗ ಆಗಿತ್ತೋ ಸಂಭವವೂ ಅಷ್ಟು ಹೆಚ್ಚು. ಆದಾಗ್ಯೂ, ಇಂತಹ ಮಹಿಳೆಯರಲ್ಲಿ ಹೆಚ್ಚಿನವರಿಗೆ ಮುಂದಿನ ಹೆರಿಗೆಯು ದಿನ ತುಂಬಿಯೇ ಆಗುತ್ತದೆ. ಆದುದರಿಂದ ಭಯಪಡುವ ಅಗತ್ಯವಿಲ್ಲ. ಆದರೆ ಸಾಮಾನ್ಯ ಗರ್ಭಿಣಿಯಂತೆ ನಿರ್ಲಕ್ಷ್ಯದಿಂದ ಇರುವುದೂ ಸರಿಯಲ್ಲ.

ಗರ್ಭಧಾರಣೆಗೆ ಮುನ್ನ ಗಮನಿಸಬೇಕಾದ ಅಂಶಗಳು

1. ಎರಡು ಮಕ್ಕಳ ನಡುವಿನ ಅಂತರ: ಹೆರಿಗೆಯಾದ ನಂತರ ಮುಂದಿನ ಗರ್ಭಧಾರಣೆಗೆ ಕನಿಷ್ಠ 24 ತಿಂಗಳ ಅಂತರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಲಹೆ ಮಾಡಿದೆ. ಹಿಂದಿನ ಮಗು ಉಳಿಯದೇ ಇದ್ದಾಗ ಬೇಗನೆ ಮತ್ತೊಂದು ಮಗುವಾಗಲಿ ಎಂಬ ಒತ್ತಡ ಮನೆಯಲ್ಲಿ ಇರುವುದು ಸಹಜ. ಆದರೆ ತಾಯಿಯ ದೇಹವು ಚೇತರಿಸಿಕೊಳ್ಳುವ ಮುನ್ನವೇ ಗರ್ಭ ನಿಂತಲ್ಲಿ ಅವಧಿಪೂರ್ವ ಹೆರಿಗೆಯ ಸಂಭವ ಹೆಚ್ಚುತ್ತದೆ. ಅಂತರಕ್ಕಾಗಿ ವಂಕಿ, ಮೂರು ತಿಂಗಳಿಗೊಮ್ಮೆ ನೀಡುವ ಅಂತರಾ ಚುಚ್ಚುಮದ್ದು ಹಾಗೂ ಛಾಯಾ ಮಾತ್ರೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ನೀಡಲಾಗುತ್ತದೆ.

2. ಹಿಂದಿನ ಹೆರಿಗೆಯ ದಾಖಲೆ: ಹೆರಿಗೆಯಾದ ಆಸ್ಪತ್ರೆಯಿಂದ ಬಿಡುಗಡೆ ಸಾರಾಂಶವನ್ನು ಪಡೆದಿಟ್ಟುಕೊಳ್ಳತಕ್ಕದ್ದು. ಅದರಲ್ಲಿ ಹೆರಿಗೆಯಾದ ವಾರ, ಮಗುವಿನ ತೂಕ, ನೋವು ತಾನಾಗಿಯೇ ಬಂದಿತೇ ಅಥವಾ ರಕ್ತದೊತ್ತಡದಂತಹ ಕಾರಣಕ್ಕೆ ವೈದ್ಯರೇ ಹೆರಿಗೆ ಮಾಡಿಸಿದರೇ, ನೀರು ಮೊದಲೇ ಹೋಗಿತ್ತೇ, ಶಸ್ತ್ರಚಿಕಿತ್ಸೆಯಾಗಿತ್ತೇ ಎಂಬ ವಿವರಗಳಿರುತ್ತವೆ. ಈ ಬಾರಿಯ ಚಿಕಿತ್ಸೆಯು ಇವುಗಳ ಮೇಲೆಯೇ ಅವಲಂಬಿತವಾಗಿರುತ್ತದೆ. ಜನನ ಪ್ರಮಾಣಪತ್ರದಲ್ಲಿ ಗರ್ಭಾವಸ್ಥೆಯ ವಾರಗಳು ನಮೂದಾಗಿರುವುದಿಲ್ಲವಾದ್ದರಿಂದ ಅದು ಈ ಸಾರಾಂಶಕ್ಕೆ ಬದಲಿಯಾಗುವುದಿಲ್ಲ.

3. ದಾಖಲೆ ಕಳೆದುಹೋಗಿದ್ದಲ್ಲಿ: ವೈದ್ಯರ ವೃತ್ತಿ ನಡವಳಿಕೆಯ ಕುರಿತ 2002ರ ನಿಯಮಗಳಂತೆ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದ ದಿನದಿಂದ 3 ವರ್ಷಗಳವರೆಗೆ ಕಾಯ್ದಿಡಬೇಕು ಹಾಗೂ ರೋಗಿಯು ಕೋರಿದಲ್ಲಿ 72 ಗಂಟೆಗಳೊಳಗೆ ಒದಗಿಸಬೇಕು. ಈ ನಿಯಮವು ದೇಶದಾದ್ಯಂತ ಅನ್ವಯಿಸುವುದರಿಂದ, ದುಡಿಮೆಗಾಗಿ ಮುಂಬೈ, ಪುಣೆ ಅಥವಾ ಬೆಂಗಳೂರಿಗೆ ಹೋಗಿದ್ದಾಗ ಹೆರಿಗೆಯಾದವರೂ ಅಲ್ಲಿನ ಆಸ್ಪತ್ರೆಗೆ ಲಿಖಿತ ಅರ್ಜಿ ಸಲ್ಲಿಸಿ ದಾಖಲೆಯನ್ನು ಪಡೆಯಬಹುದಾಗಿದೆ.

ನೋಂದಣಿ ಮತ್ತು ತಾಯಿ ಕಾರ್ಡ್

ಮುಟ್ಟು ನಿಂತ ಕೂಡಲೇ, 12 ವಾರಗಳು ಮೀರದಂತೆ, ಆಶಾ ಕಾರ್ಯಕರ್ತೆಯ ಮೂಲಕ ಅಥವಾ ನೇರವಾಗಿ ಆರೋಗ್ಯ ಕೇಂದ್ರದಲ್ಲಿ ನೋಂದಣಿ ಮಾಡಿಸತಕ್ಕದ್ದು. ನೋಂದಣಿಯ ನಂತರ ತಾಯಿ ಕಾರ್ಡನ್ನು ನೀಡಲಾಗುವುದು. ನೋಂದಣಿ ಸಮಯದಲ್ಲಿ ಕೆಳಕಂಡ ಅಂಶಗಳನ್ನು ಖಚಿತಪಡಿಸಿಕೊಳ್ಳುವುದು:

1. ಇದು ಎಷ್ಟನೇ ಗರ್ಭ ಎಂಬುದನ್ನು ಸರಿಯಾಗಿ ತಿಳಿಸುವುದು. ಹಿಂದಿನ ಮಗು ಉಳಿಯದೇ ಇದ್ದಲ್ಲಿ ಕೆಲವರು ದುಃಖದಿಂದಲೋ ಸಂಕೋಚದಿಂದಲೋ ಇದನ್ನೇ ಮೊದಲ ಗರ್ಭವೆಂದು ಬರೆಸುವುದುಂಟು. ಹಾಗೆ ಬರೆಸಿದಲ್ಲಿ ವೈದ್ಯರು ಆಕೆಯನ್ನು ಸಾಮಾನ್ಯ ಗರ್ಭಿಣಿಯೆಂದೇ ಪರಿಗಣಿಸುತ್ತಾರೆ ಮತ್ತು ಅವಶ್ಯಕ ಪರೀಕ್ಷೆಗಳ ಅವಧಿಯು ಯಾರ ಗಮನಕ್ಕೂ ಬಾರದೆ ಕಳೆದುಹೋಗುತ್ತದೆ. ಮನೆಯವರ ಮುಂದೆ ಹೇಳಲಾಗದಿದ್ದಲ್ಲಿ ಆರೋಗ್ಯ ಸಿಬ್ಬಂದಿಗೆ ಪ್ರತ್ಯೇಕವಾಗಿ ತಿಳಿಸಬಹುದು.

2. ಹಿಂದಿನ ಹೆರಿಗೆಯ ವಾರ ಮತ್ತು ಮಗುವಿನ ತೂಕವನ್ನು ಕಾರ್ಡಿನಲ್ಲಿ ಬರೆಸುವುದು.

3. ಗಂಡಾಂತರ ಗರ್ಭಿಣಿ ಎಂದು ಗುರುತಿಸಿ ಕಾರ್ಡಿಗೆ ಕೆಂಪು ಗುರುತು ಹಾಕಲಾಗಿದೆಯೇ ಎಂದು ನೋಡುವುದು. ಈ ಗುರುತು ಅಪಶಕುನವಲ್ಲ. ಯಾವುದೇ ಆಸ್ಪತ್ರೆಯ ಸಿಬ್ಬಂದಿಗೆ ಒಂದೇ ನೋಟದಲ್ಲಿ ವಿಷಯ ತಿಳಿಯಲೆಂದು ಹಾಕುವ ಸೂಚನೆ ಮಾತ್ರ.

ಯಾವ ಸೇವೆ ಎಲ್ಲಿ ದೊರೆಯುತ್ತದೆ

ಕಮಲಾಪುರವು 2017ರ ರಾಜ್ಯ ಆಯವ್ಯಯದಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಒಂದಾಗಿದ್ದು, ಕಲಬುರಗಿ ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿ.ಮೀ. ದೂರದಲ್ಲಿದೆ. ಒಳಗ್ರಾಮಗಳ ಗರ್ಭಿಣಿಯರು ಹೆದ್ದಾರಿಗೆ ಬರಲು ತಗಲುವ ಸಮಯವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.

1. ಆರೋಗ್ಯ ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ನಗರ ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ನಮ್ಮ ಕ್ಲಿನಿಕ್: ನೋಂದಣಿ, ರಕ್ತದೊತ್ತಡ, ತೂಕ, ಹಿಮೋಗ್ಲೋಬಿನ್ ಮತ್ತು ಮೂತ್ರ ಪರೀಕ್ಷೆ, ಕಬ್ಬಿಣಾಂಶ ಹಾಗೂ ಕ್ಯಾಲ್ಸಿಯಂ ಮಾತ್ರೆಗಳು, ಟಿ.ಡಿ. ಲಸಿಕೆ.

2. ಕಮಲಾಪುರದ ಸಮುದಾಯ ಆರೋಗ್ಯ ಕೇಂದ್ರ: ವೈದ್ಯರ ತಪಾಸಣೆ ಹಾಗೂ ಮೇಲಿನ ಆಸ್ಪತ್ರೆಗೆ ಶಿಫಾರಸು.

3. ಕಲಬುರಗಿ ನಗರದ ಗುಲಬರ್ಗಾ ವೈದ್ಯಕೀಯ ವಿಜ್ಞಾನ ಸಂಸ್ಥೆಯ (ಜಿಮ್ಸ್) ಬೋಧಕ ಆಸ್ಪತ್ರೆ: ಸ್ತ್ರೀರೋಗ ತಜ್ಞರ ಸೇವೆ, ಸ್ಕ್ಯಾನಿಂಗ್, ಶಸ್ತ್ರಚಿಕಿತ್ಸೆ ಹಾಗೂ ನವಜಾತ ಶಿಶುಗಳ ವಿಶೇಷ ನಿಗಾ ಘಟಕ. ಇ.ಎಸ್.ಐ. ವಿಮಾದಾರರು ಮತ್ತು ಅವರ ಅವಲಂಬಿತರು ನಗರದ ಇ.ಎಸ್.ಐ.ಸಿ. ವೈದ್ಯಕೀಯ ಕಾಲೇಜು ಆಸ್ಪತ್ರೆಯ ಸೇವೆಯನ್ನು ಪಡೆಯಬಹುದು.

ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ ಪ್ರತಿ ತಿಂಗಳ 9ನೇ ತಾರೀಖಿನಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತದೆ. 2022ರಲ್ಲಿ ವಿಸ್ತರಿಸಲಾದ ಈ ಕಾರ್ಯಕ್ರಮದಂತೆ, ಗಂಡಾಂತರ ಗರ್ಭಿಣಿಯರಿಗೆ ಹೆಚ್ಚುವರಿಯಾಗಿ 3 ಭೇಟಿಗಳಿಗೆ ಅವಕಾಶವಿದ್ದು, ಹೆರಿಗೆಯಾದ 45ನೇ ದಿನದವರೆಗೆ ಪ್ರತಿಯೊಬ್ಬರನ್ನೂ ಹೆಸರುವಾರು ಅನುಸರಿಸಲಾಗುತ್ತದೆ.

ವಾರವಾರು ಕೈಗೊಳ್ಳಬೇಕಾದ ಕ್ರಮಗಳು

14 ವಾರಗಳೊಳಗೆ: ಮೊದಲ ಸ್ಕ್ಯಾನಿಂಗ್ ಮಾಡಿಸುವುದು. ಗರ್ಭದ ವಯಸ್ಸು ಈ ಅವಧಿಯಲ್ಲಿ ಒಂದು ವಾರದೊಳಗಿನ ವ್ಯತ್ಯಾಸದಲ್ಲಿ ನಿಖರವಾಗಿ ತಿಳಿಯುತ್ತದೆ. ಕೊನೆಯ ತಿಂಗಳುಗಳಲ್ಲಿ ಮಾಡಿಸಿದ ಸ್ಕ್ಯಾನಿಂಗ್‌ನಲ್ಲಿ ಮೂರು ವಾರಗಳವರೆಗೂ ವ್ಯತ್ಯಾಸ ಬರಬಹುದು. ನೋವು ಕಾಣಿಸಿಕೊಂಡಾಗ ಗರ್ಭಕ್ಕೆ 33 ವಾರವೋ 36 ವಾರವೋ ಎಂಬುದು ತಿಳಿಯದಿದ್ದಲ್ಲಿ ಸರಿಯಾದ ಚಿಕಿತ್ಸೆಯ ತೀರ್ಮಾನ ಕಷ್ಟವಾಗುತ್ತದೆ. ಭ್ರೂಣದ ಲಿಂಗವನ್ನು ಕೇಳುವುದು ಮತ್ತು ತಿಳಿಸುವುದು 1994ರ ಕಾಯ್ದೆಯನ್ವಯ ಶಿಕ್ಷಾರ್ಹ ಅಪರಾಧವಾಗಿದೆ.

ಇದೇ ಅವಧಿಯಲ್ಲಿ ಮೂತ್ರದ ಸೋಂಕು ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸತಕ್ಕದ್ದು. ಮೂತ್ರದ ಸೋಂಕು ಯಾವುದೇ ಉರಿ ಅಥವಾ ನೋವಿಲ್ಲದೆಯೂ ಇರಬಹುದು. ಹಿಮೋಗ್ಲೋಬಿನ್ 11 ಗ್ರಾಂಗಿಂತ ಕಡಿಮೆಯಿದ್ದಲ್ಲಿ ರಕ್ತಹೀನತೆಯೆಂದು ಪರಿಗಣಿಸಿ ಚಿಕಿತ್ಸೆ ನೀಡಲಾಗುವುದು. ತಂಬಾಕು, ಗುಟ್ಕಾ ಹಾಗೂ ಹಲ್ಲಿಗೆ ಹಚ್ಚುವ ಮಿಸ್ರಿಯನ್ನು ಸಂಪೂರ್ಣವಾಗಿ ನಿಲ್ಲಿಸುವುದು.

12ರಿಂದ 16 ವಾರಗಳು: ಹಿಂದಿನ ಹೆರಿಗೆಯು ಅಧಿಕ ರಕ್ತದೊತ್ತಡದ ಕಾರಣದಿಂದ ಬೇಗ ಆಗಿದ್ದಲ್ಲಿ, ವೈದ್ಯರು ಕಡಿಮೆ ಪ್ರಮಾಣದ ಆಸ್ಪಿರಿನ್ ಮಾತ್ರೆಯನ್ನು ಆರಂಭಿಸಬಹುದು. ಇದನ್ನು 16 ವಾರಗಳ ಮುನ್ನ ಆರಂಭಿಸಿದಲ್ಲಿ ಹೆಚ್ಚಿನ ಪ್ರಯೋಜನವಿದೆ. ಔಷಧ ಅಂಗಡಿಯಿಂದ ತಾವೇ ಪಡೆದು ಸೇವಿಸಬಾರದು.

16ರಿಂದ 24 ವಾರಗಳು: ಹಿಂದಿನ ಬಾರಿ ನೋವು ತಾನಾಗಿಯೇ ಬಂದು ಹೆರಿಗೆಯಾಗಿದ್ದಲ್ಲಿ, ಸ್ಕ್ಯಾನಿಂಗ್ ಮೂಲಕ ಗರ್ಭಕಂಠದ ಉದ್ದವನ್ನು ಅಳೆಯಬೇಕಾಗುತ್ತದೆ. ಅದು 25 ಮಿ.ಮೀ.ಗಿಂತ ಕಡಿಮೆಯಿದ್ದಲ್ಲಿ ಪ್ರೊಜೆಸ್ಟರಾನ್ ಔಷಧ ಅಥವಾ ಗರ್ಭಕಂಠಕ್ಕೆ ಹೊಲಿಗೆ ಹಾಕುವ ಬಗ್ಗೆ ತಜ್ಞರು ತೀರ್ಮಾನಿಸುತ್ತಾರೆ. ಹೊಲಿಗೆಯನ್ನು ಸಾಮಾನ್ಯವಾಗಿ 24 ವಾರಗಳ ನಂತರ ಹಾಕುವುದಿಲ್ಲ. ಆರನೇ ತಿಂಗಳು ಮುಗಿದ ಮೇಲೆ ಮೊದಲ ಬಾರಿಗೆ ತಜ್ಞರನ್ನು ಕಾಣುವವರಿಗೆ ಈ ಅವಕಾಶ ತಪ್ಪಿಹೋಗಿರುತ್ತದೆ. ಕಮಲಾಪುರ ತಾಲ್ಲೂಕಿನ ಗರ್ಭಿಣಿಯರು 16ನೇ ವಾರದ ವೇಳೆಗೆ ಶಿಫಾರಸು ಪತ್ರ ಪಡೆದು ಕಲಬುರಗಿಯ ತಜ್ಞರನ್ನು ಒಮ್ಮೆ ಕಾಣುವುದು ಸೂಕ್ತ.

24ರಿಂದ 34 ವಾರಗಳು: ಈ ಅವಧಿಯಲ್ಲಿ ಹೆರಿಗೆಯಾಗುವ ಸಂಭವ ಕಂಡುಬಂದಲ್ಲಿ, ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದನ್ನು 12 ಗಂಟೆಗಳಿಗೊಮ್ಮೆ 6 ಮಿ.ಗ್ರಾಂ.ನಂತೆ ಒಟ್ಟು 4 ಬಾರಿ ನೀಡಲಾಗುತ್ತದೆ. ಕೇಂದ್ರ ಸರ್ಕಾರದ 2014ರ ಮಾರ್ಗಸೂಚಿಯಂತೆ, ದೊಡ್ಡ ಆಸ್ಪತ್ರೆಗೆ ಕಳುಹಿಸುವ ಮುನ್ನ ಮೊದಲ ಚುಚ್ಚುಮದ್ದನ್ನು ಕೆಳಹಂತದ ಆರೋಗ್ಯ ಕೇಂದ್ರದಲ್ಲಿಯೇ ನೀಡಲು ಅವಕಾಶವಿದೆ. ಬೆಳಗಾವಿಯ ಕೇಂದ್ರವೂ ಸೇರಿದಂತೆ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಚುಚ್ಚುಮದ್ದು ಪಡೆದ ತಾಯಂದಿರ ನವಜಾತ ಶಿಶುಗಳ ಮರಣ ಪ್ರಮಾಣವು ಶೇ. 23.5ರಿಂದ ಶೇ. 19.6ಕ್ಕೆ ಇಳಿದಿರುವುದು ಕಂಡುಬಂದಿದೆ.

ಬೇಸಿಗೆಯಲ್ಲಿ ವಹಿಸಬೇಕಾದ ಎಚ್ಚರಿಕೆ: ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಈ ಭಾಗದ ತಾಪಮಾನವು 40 ಡಿಗ್ರಿ ಸೆಲ್ಸಿಯಸ್ ಮೀರುತ್ತದೆ. ಅತಿಯಾದ ಬಿಸಿಲಿಗೂ ಅವಧಿಪೂರ್ವ ಹೆರಿಗೆಗೂ ಸಂಬಂಧವಿರುವುದನ್ನು ಅಧ್ಯಯನಗಳು ತಿಳಿಸಿವೆ. ಮಧ್ಯಾಹ್ನದ ಹೊಲದ ಕೆಲಸ, ಭಾರದ ಕೊಡ ಹೊರುವುದು ಮುಂತಾದವುಗಳಿಂದ ಗರ್ಭಿಣಿಗೆ ವಿನಾಯಿತಿ ನೀಡುವುದು ಮನೆಯವರ ಹೊಣೆ.

ತವರಿಗೆ ಹೋಗುವ ಗರ್ಭಿಣಿಯರಿಗೆ ಸೂಚನೆ

ಐದು ಅಥವಾ ಏಳನೇ ತಿಂಗಳಲ್ಲಿ ಕುಬಸದ ಕಾರ್ಯ ಮುಗಿಸಿ ಹೆರಿಗೆಗಾಗಿ ತವರಿಗೆ ಕರೆದೊಯ್ಯುವುದು ಈ ಭಾಗದ ರೂಢಿ. ಗಂಡನ ಮನೆಯ ಊರಿನಲ್ಲಿ ನೋಂದಣಿಯಾಗಿ ತವರಿನಲ್ಲಿ ಯಾರಿಗೂ ಮಾಹಿತಿಯಿಲ್ಲದಿರುವುದು ಗಂಡಾಂತರಕ್ಕೆ ಎಡೆಮಾಡಿಕೊಡುತ್ತದೆ. ಆದುದರಿಂದ:

1. ಹೊರಡುವ ಮುನ್ನ ವೈದ್ಯರ ಸಲಹೆ ಪಡೆಯುವುದು. ಗರ್ಭಕಂಠ ಚಿಕ್ಕದಾಗಿದ್ದಲ್ಲಿ ಅಥವಾ ಹೊಲಿಗೆ ಹಾಕಿದ್ದಲ್ಲಿ, ವಿಶೇಷ ನಿಗಾ ಘಟಕವಿರುವ ಆಸ್ಪತ್ರೆಗೆ ಸಮೀಪದ ಮನೆಯನ್ನೇ ಆರಿಸಿಕೊಳ್ಳುವುದು ಸೂಕ್ತ.
2. ಎರಡೂ ಊರುಗಳ ಆಶಾ ಕಾರ್ಯಕರ್ತೆಯರಿಗೆ ತಿಳಿಸುವುದು.
3. ತಾಯಿ ಕಾರ್ಡ್, ಸ್ಕ್ಯಾನಿಂಗ್ ವರದಿಗಳು ಮತ್ತು ಹಿಂದಿನ ಬಿಡುಗಡೆ ಸಾರಾಂಶವನ್ನು ಒಂದೇ ಚೀಲದಲ್ಲಿ ಜೊತೆಗೊಯ್ಯುವುದು. ತಾಯಿ ಕಾರ್ಡ್ ಎಲ್ಲಾ ಊರುಗಳಲ್ಲಿಯೂ ಮಾನ್ಯವಾಗಿರುತ್ತದೆ.

ಅಪಾಯದ ಚಿಹ್ನೆಗಳು

37 ವಾರಗಳೊಳಗೆ ಕೆಳಕಂಡ ಯಾವುದೇ ಒಂದು ಚಿಹ್ನೆ ಕಂಡುಬಂದರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ತೆರಳತಕ್ಕದ್ದು:

1. ಹತ್ತು ನಿಮಿಷಗಳಿಗೊಮ್ಮೆ ಅಥವಾ ಅದಕ್ಕಿಂತ ಬೇಗ ಹೊಟ್ಟೆ ಬಿಗಿಯುವುದು, ನೋವಿಲ್ಲದಿದ್ದರೂ ಸಹ
2. ನೀರು ಹೋಗುವುದು, ಅದು ಹನಿಹನಿಯಾಗಿದ್ದರೂ ಸಹ
3. ರಕ್ತಸ್ರಾವ
4. ಬಿಟ್ಟುಬಿಟ್ಟು ಬರುವ ಸೊಂಟನೋವು ಅಥವಾ ಕೆಳಹೊಟ್ಟೆಯಲ್ಲಿ ಒತ್ತಿದಂತಾಗುವುದು
5. ಮಗುವಿನ ಚಲನೆ ಕಡಿಮೆಯಾಗುವುದು
6. ಜ್ವರ, ತೀವ್ರ ತಲೆನೋವು, ಕಣ್ಣು ಮಂಜಾಗುವುದು

ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡುವುದು. ಕರೆ ಮಾಡುವಾಗ ಗರ್ಭಾವಸ್ಥೆಯ ವಾರ ಹಾಗೂ ಹಿಂದಿನ ಹೆರಿಗೆ ಬೇಗ ಆಗಿತ್ತೆಂಬುದನ್ನು ಮೊದಲೇ ಹೇಳುವುದು. ಜನಿಸಿದ ನಂತರ ಪುಟ್ಟ ಶಿಶುವನ್ನು 35 ಕಿ.ಮೀ. ಸಾಗಿಸುವುದಕ್ಕಿಂತ, ಗರ್ಭದಲ್ಲಿರುವಾಗಲೇ ತಾಯಿಯನ್ನು ನಗರದ ಆಸ್ಪತ್ರೆಗೆ ತಲುಪಿಸುವುದು ಸುರಕ್ಷಿತ. ದಾರಿಯಲ್ಲಿ ಮಗುವಿಗೆ ತಾಯಿಯ ಗರ್ಭಕ್ಕಿಂತ ಉತ್ತಮವಾದ ಪೆಟ್ಟಿಗೆ ಬೇರೊಂದಿಲ್ಲ. ಆದರೆ ಹೆರಿಗೆ ಸನ್ನಿಹಿತವಾಗಿದ್ದಲ್ಲಿ ಹತ್ತಿರದ ಆರೋಗ್ಯ ಕೇಂದ್ರಕ್ಕೇ ಹೋಗತಕ್ಕದ್ದು.

ಮಗು ಅವಧಿಗೆ ಮುನ್ನ ಜನಿಸಿದಲ್ಲಿ

1. 34 ವಾರಗಳೊಳಗೆ ಜನಿಸಿದ ಅಥವಾ 1,800 ಗ್ರಾಂಗಿಂತ ಕಡಿಮೆ ತೂಕದ ಶಿಶುಗಳನ್ನು ವಿಶೇಷ ನಿಗಾ ಘಟಕಕ್ಕೆ ದಾಖಲಿಸಲಾಗುತ್ತದೆ.

2. ಶಿಶುವನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಇರಿಸಿಕೊಳ್ಳುವ ಕಾಂಗರೂ ಆರೈಕೆಯನ್ನು ಆದಷ್ಟು ಬೇಗ ಆರಂಭಿಸುವುದು. ತಂದೆ ಅಥವಾ ಅಜ್ಜಿಯೂ ಇದನ್ನು ಮಾಡಬಹುದು. ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ರೂಢಿಗೆ ತರಬಹುದೆಂಬುದು ಇದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಕಂಡುಬಂದಿದೆ.

3. ಅವಧಿಪೂರ್ವ ಶಿಶುಗಳ ಕಣ್ಣಿನ ಅಕ್ಷಿಪಟಲವನ್ನು ಜನನದ ಮೊದಲ ತಿಂಗಳೊಳಗೆ ಪರೀಕ್ಷಿಸಬೇಕು. ತಡವಾದಲ್ಲಿ ಶಾಶ್ವತ ಕುರುಡುತನ ಉಂಟಾಗಬಹುದು. ಬಿಡುಗಡೆಯಾಗುವಾಗ ಈ ಪರೀಕ್ಷೆಯ ದಿನಾಂಕವನ್ನು ಬರೆಸಿಕೊಳ್ಳತಕ್ಕದ್ದು.

4. ಮನೆಗೆ ಬಂದ ನಂತರ ಆಶಾ ಕಾರ್ಯಕರ್ತೆಯು 42ನೇ ದಿನದವರೆಗೆ ನಿಗದಿತ ದಿನಗಳಂದು ಭೇಟಿ ನೀಡುತ್ತಾರೆ.

ಉಚಿತ ಸೇವೆಗಳು ಮತ್ತು ಆರ್ಥಿಕ ನೆರವು

1. ಜನನಿ ಶಿಶು ಸುರಕ್ಷಾ ಕಾರ್ಯಕ್ರಮ (2011ರಿಂದ): ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ, ಸಿಸೇರಿಯನ್, ಔಷಧ, ಪರೀಕ್ಷೆಗಳು, ರಕ್ತ, ಊಟ ಹಾಗೂ ಹೋಗಿಬರುವ ವಾಹನ ಸೌಲಭ್ಯ ಸಂಪೂರ್ಣ ಉಚಿತ. ಅನಾರೋಗ್ಯ ಪೀಡಿತ ಶಿಶುವಿಗೆ ಒಂದು ವರ್ಷದವರೆಗೆ ಚಿಕಿತ್ಸೆ ಉಚಿತ. ಆದಾಯದ ಮಿತಿ ಇರುವುದಿಲ್ಲ.

2. ಜನನಿ ಸುರಕ್ಷಾ ಯೋಜನೆ: ಬಿ.ಪಿ.ಎಲ್., ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದ ತಾಯಂದಿರಿಗೆ ಆಸ್ಪತ್ರೆ ಹೆರಿಗೆಗಾಗಿ ಗ್ರಾಮೀಣ ಪ್ರದೇಶದಲ್ಲಿ ರೂ. 700 ಮತ್ತು ನಗರ ಪ್ರದೇಶದಲ್ಲಿ ರೂ. 600.

3. ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆ: ಅರ್ಹರಿಗೆ ಮೊದಲ ಮಗುವಿಗೆ ರೂ. 5,000, ಎರಡನೆಯದು ಹೆಣ್ಣು ಮಗುವಾದಲ್ಲಿ ರೂ. 6,000. ಹಿಂದಿನ ಗರ್ಭವು ಗರ್ಭಪಾತ ಅಥವಾ ನಿರ್ಜೀವ ಜನನದಲ್ಲಿ ಕೊನೆಗೊಂಡಿದ್ದಲ್ಲಿ ಹೊಸ ಫಲಾನುಭವಿಯೆಂದು ಪರಿಗಣಿಸಲಾಗುವುದು. ಅರ್ಜಿಯನ್ನು ಅಂಗನವಾಡಿ ಕೇಂದ್ರದ ಮೂಲಕ ಸಲ್ಲಿಸಬಹುದು.

4. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ: ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗಿನ ಚಿಕಿತ್ಸೆ. ನವಜಾತ ಶಿಶುಗಳ ತೀವ್ರ ನಿಗಾ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಖಾಸಗಿ ಆಸ್ಪತ್ರೆಗೆ ಮಗುವನ್ನು ದಾಖಲಿಸುವ ಮುನ್ನ, ಅದು ಯೋಜನೆಯಡಿ ನೋಂದಾಯಿತವಾಗಿದೆಯೇ ಎಂದು ಅಲ್ಲಿನ ಆರೋಗ್ಯ ಮಿತ್ರರಲ್ಲಿ ವಿಚಾರಿಸತಕ್ಕದ್ದು. ನಿಗಾ ಘಟಕದ ವೆಚ್ಚವು ದಿನದಿಂದ ದಿನಕ್ಕೆ ಏರುವುದರಿಂದ, ಈ ಒಂದು ವಿಚಾರಣೆ ಕುಟುಂಬವನ್ನು ಸಾಲದಿಂದ ಉಳಿಸಬಹುದು.

5. ಉದ್ಯೋಗಸ್ಥ ಇ.ಎಸ್.ಐ. ವಿಮಾದಾರ ಮಹಿಳೆಯರಿಗೆ, ಅವಧಿಪೂರ್ವ ಜನನದಿಂದ ಉಂಟಾದ ಅನಾರೋಗ್ಯಕ್ಕೆ ಹೆರಿಗೆ ಸೌಲಭ್ಯದ ಜೊತೆಗೆ ಹೆಚ್ಚುವರಿಯಾಗಿ ಒಂದು ತಿಂಗಳವರೆಗೆ ಸೌಲಭ್ಯ ದೊರೆಯುತ್ತದೆ. ಇದಕ್ಕೆ ವೈದ್ಯಕೀಯ ಪ್ರಮಾಣಪತ್ರ ಅವಶ್ಯಕ.

ಸಿದ್ಧವಾಗಿಟ್ಟುಕೊಳ್ಳಬೇಕಾದ ದಾಖಲೆಗಳು

1. ತಾಯಿ ಕಾರ್ಡ್
2. ಹಿಂದಿನ ಹೆರಿಗೆಯ ಬಿಡುಗಡೆ ಸಾರಾಂಶ
3. ಸ್ಕ್ಯಾನಿಂಗ್ ಮತ್ತು ರಕ್ತಪರೀಕ್ಷೆಯ ವರದಿಗಳು, ರಕ್ತದ ಗುಂಪಿನ ವಿವರ
4. ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ
5. ಆಧಾರ್ ಜೋಡಣೆಯಾದ ತಾಯಿಯ ಸ್ವಂತ ಬ್ಯಾಂಕ್ ಅಥವಾ ಅಂಚೆ ಖಾತೆಯ ಪುಸ್ತಕ
6. ಅನ್ವಯಿಸಿದಲ್ಲಿ ಜಾತಿ ಪ್ರಮಾಣಪತ್ರ, ಇ.ಎಸ್.ಐ. ಚೀಟಿ

ದಾಖಲೆಗಳು ಪೂರ್ಣವಾಗಿಲ್ಲವೆಂಬ ಕಾರಣಕ್ಕೆ ತುರ್ತು ಸಂದರ್ಭದಲ್ಲಿ ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಏಳು ತಿಂಗಳ ಮಗು ಉಳಿಯುತ್ತದೆ, ಎಂಟು ತಿಂಗಳ ಮಗು ಉಳಿಯುವುದಿಲ್ಲ ಎಂಬುದು ನಿಜವೇ?
ಉತ್ತರ: ನಿಜವಲ್ಲ. ಗರ್ಭದಲ್ಲಿ ಕಳೆಯುವ ಪ್ರತಿಯೊಂದು ವಾರವೂ ಮಗುವಿನ ಬದುಕುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ಎಂಟನೇ ತಿಂಗಳಲ್ಲಿ ನೋವು ಬಂದಾಗ ಮಗು ಉಳಿಯದೆಂದು ಪ್ರಯತ್ನ ಬಿಡುವುದು ತಪ್ಪು.

ಪ್ರಶ್ನೆ: ಒಂಬತ್ತು ತಿಂಗಳೂ ಮಲಗಿಯೇ ಇರಬೇಕೇ?
ಉತ್ತರ: ಸಂಪೂರ್ಣ ಹಾಸಿಗೆ ವಿಶ್ರಾಂತಿಯಿಂದ ಅವಧಿಪೂರ್ವ ಹೆರಿಗೆ ತಪ್ಪುತ್ತದೆಂಬುದಕ್ಕೆ ಆಧಾರವಿಲ್ಲ. ಬದಲಾಗಿ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ಭಾರದ ಕೆಲಸ ಬಿಟ್ಟು ಹಗುರವಾದ ಕೆಲಸ ಮಾಡಬಹುದು.

ಪ್ರಶ್ನೆ: ಹಿಂದಿನ ಬಾರಿ ವಾರಕ್ಕೊಮ್ಮೆ ಪ್ರೊಜೆಸ್ಟರಾನ್ ಚುಚ್ಚುಮದ್ದು ನೀಡಲಾಗಿತ್ತು. ಈ ಬಾರಿಯೂ ಬೇಕೇ?
ಉತ್ತರ: ಅಂತಹ ಒಂದು ಚುಚ್ಚುಮದ್ದಿಗೆ ನೀಡಿದ್ದ ಅನುಮತಿಯನ್ನು, ಪ್ರಯೋಜನ ಸಾಬೀತಾಗದ ಕಾರಣ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2023ರಲ್ಲಿ ಹಿಂಪಡೆದಿದೆ. ಯೋನಿಯ ಮೂಲಕ ಬಳಸುವ ಪ್ರೊಜೆಸ್ಟರಾನ್ ಬಳಕೆಯಲ್ಲಿದೆ. ಯಾವುದು ಸೂಕ್ತವೆಂದು ತಜ್ಞರಲ್ಲಿಯೇ ಕೇಳತಕ್ಕದ್ದು.

ಪ್ರಶ್ನೆ: ಈ ಬಾರಿ ಸಿಸೇರಿಯನ್ ಕಡ್ಡಾಯವೇ?
ಉತ್ತರ: ಇಲ್ಲ. ಹಿಂದಿನ ಹೆರಿಗೆ ಬೇಗ ಆಗಿತ್ತೆಂಬುದೊಂದೇ ಸಿಸೇರಿಯನ್‌ಗೆ ಕಾರಣವಾಗುವುದಿಲ್ಲ.

ಪ್ರಶ್ನೆ: ಹಿಂದಿನ ಮಗುವಿನ ನೆನಪಿನಿಂದ ನಿದ್ರೆ ಬರುವುದಿಲ್ಲ, ಸದಾ ಭಯವಾಗುತ್ತದೆ. ಏನು ಮಾಡಬೇಕು?
ಉತ್ತರ: ಇದು ಸಹಜವಾದುದು ಹಾಗೂ ಚಿಕಿತ್ಸೆಗೆ ಅರ್ಹವಾದುದು. ತಪಾಸಣೆಯ ವೇಳೆ ವೈದ್ಯರಿಗೆ ತಿಳಿಸುವುದು ಅಥವಾ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ದೂರು ಮತ್ತು ಹೆಚ್ಚಿನ ಮಾಹಿತಿ

ಉಚಿತ ಸೇವೆಗೆ ಹಣ ಕೇಳಿದಲ್ಲಿ ಅಥವಾ ಸೇವೆಯನ್ನು ನಿರಾಕರಿಸಿದಲ್ಲಿ ಆಸ್ಪತ್ರೆಯ ಮುಖ್ಯಸ್ಥರಿಗೆ, ತಾಲ್ಲೂಕು ಆರೋಗ್ಯಾಧಿಕಾರಿಗಳಿಗೆ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಬಹುದು. ಆರೋಗ್ಯ ಸಲಹೆ ಮತ್ತು ದೂರುಗಳಿಗಾಗಿ 104 ಆರೋಗ್ಯ ಸಹಾಯವಾಣಿಯನ್ನು ಸಂಪರ್ಕಿಸಬಹುದು.

ಹಿಂದೆ ಅವಧಿಪೂರ್ವ ಹೆರಿಗೆಯಾಗಿರುವ ಮಹಿಳೆಯರು ನೋಂದಣಿಯನ್ನು 12 ವಾರಗಳೊಳಗೆ ಮಾಡಿಸಿ, ಹಿಂದಿನ ಹೆರಿಗೆಯ ವಾರವನ್ನು ತಾಯಿ ಕಾರ್ಡಿನಲ್ಲಿ ತಪ್ಪದೇ ಬರೆಸಬೇಕೆಂದು ಕೋರಲಾಗಿದೆ.